ಕಟ್ಟಿಟ್ಟ ನಾಲ್ಕು ಪುಟ

ಗುರುಶಾಂತಪ್ಪನವರು ತಂತಿಗೆ ಚುಚ್ಚಿಟ್ಟಿದ್ದ ಹೆಂಡತಿಯ ಕಾರ್ಡುಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಹರಡಿದರು. ಹನ್ನೊಂದು ಕಾರ್ಡು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಕಮಲಾದೇವಿ ತಿಪಟೂರಿನ ತವರಿಗೆ ಹೋದಾಗಲೆಲ್ಲ ಬರೆದವು. ಹನ್ನೊಂದರಲ್ಲೂ ಒಂದೇ ಒಕ್ಕಣೆ: ‘ನಾನು ಕ್ಷೇಮ. ಔಷಧ ತಪ್ಪಿಸಬೇಡಿ. ಸೋಮವಾರದ ಬಸ್ಸಿಗೆ ಬರುತ್ತೇನೆ.’ ಒಂದರಲ್ಲಿ ಮಾತ್ರ ಗುರುವಾರ ಎಂದಿತ್ತು.

ತಪ್ಪು ಅವರದೇ. ಹೆಂಡತಿಯ ವರ್ಷದ ಪುಣ್ಯಸ್ಮರಣೆಗೆ ಬಂದವರ ಕೈಗೆಲ್ಲ ಅವಳ ನೆನಪಿನ ಪುಟ್ಟ ಪುಸ್ತಕ ಕೊಡುತ್ತೇನೆಂದು ಭಾವಮೈದುನನಿಗೆ ಬರೆದುಬಿಟ್ಟಿದ್ದರು. ಸ್ಮರಣೆ ಸೋಮವಾರ. ಇವತ್ತು ಶನಿವಾರ. ಸಂಜೆ ಐದರೊಳಗೆ ಬರಹ ಬಂದರೆ ಮಾತ್ರ ಅಚ್ಚು ಎಂದು ಕನಕನಪಾಳ್ಯದ ಪ್ರೆಸ್ಸಿನ ಅನಂತರಾಮು ಎದುರುಮನೆ ಮೇಷ್ಟ್ರ ಕೈಲಿ ಹೇಳಿಕಳಿಸಿದ್ದ.

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಾಗದ ಬರೆದ ಕೈ. ಮೊದಲ ಸಾಲು ‘ಮೇಲ್ಕಂಡ ನನ್ನ ಪತ್ನಿಯವರು’ ಎಂದು ಬಂತು. ಹೊಡೆದುಹಾಕಿದರು. ‘ಅವಳು ಹೆಚ್ಚು ಮಾತನಾಡುತ್ತಿರಲಿಲ್ಲ’ ಎಂದು ಬರೆದರು. ಮುಂದೆ ಏನೂ ಬರಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಇಟ್ಟು ಅವಳು ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಯಾಕೆ ನಿಲ್ಲುತ್ತಿದ್ದಳೋ ಒಂದು ದಿನವೂ ಕೇಳಿರಲಿಲ್ಲ. ಕೊನೆಯ ಬಸ್ಸು ಹೋದಮೇಲೂ ಸ್ಟ್ಯಾಂಡಿನಲ್ಲಿ ಉಳಿದವರ ಹಾಗೆ ಪೆನ್ನು ಹಿಡಿದು ಕೂತರು.

ಕೊನೆಗೆ ಎದ್ದು ಪಕ್ಕದ ಮನೆಯ ಲಕ್ಷ್ಮಿದೇವಮ್ಮನ ಬಾಗಿಲು ತಟ್ಟಿದರು.

“ಪುಸ್ತಕಕ್ಕೆ ಎರಡು ಮಾತು ಬೇಕಿತ್ತಮ್ಮ. ಏನು ನೆನಪಿದ್ರೂ ಸರಿ.”

ಲಕ್ಷ್ಮಿದೇವಮ್ಮ ಸೆರಗಿಗೆ ಕೈ ಒರೆಸಿಕೊಂಡು, ಮಗ್ಗಿ ಒಪ್ಪಿಸುವವಳಂತೆ ಕಣ್ಣು ಮುಚ್ಚಿದಳು. “ಗುರುಶಾಂತಪ್ಪನೋರು ಬೋ ಸಾಧು ಮನುಷ್ಯರಾಗಿದ್ರು. ಯಾರ ತಂಟೆಗೂ ಹೋದೋರಲ್ಲ. ಅವ್ರು ಹೋದ್ಮೇಲೆ ಈ ಕಾಂಪೌಂಡೇ ಬಿಕೋ ಅಂತದೆ...”

“ನಾನು ಇಲ್ಲೇ ಇದೀನಲ್ಲಮ್ಮಾ.”

ಅವಳು ಕಣ್ಣು ಬಿಟ್ಟು ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ಇದೀರಿ, ಇದೀರಿ! ನೂರು ವರ್ಸ ಇರಿ. ಬಾಯಿಪಾಠ ಆಗ್ಬಿಟ್ಟದೆ, ಬಿಟ್ರೆ ಅದೇ ಬತ್ತದೆ.”

“ಕಮಲನ ವಿಷಯ?”

“ಕಮಲಮ್ಮನ ವಿಷಯ ಯಾರೂ ಕೇಳ್ಲಿಲ್ವಲ್ಲ, ನೆಪ್ಪಲ್ಲಿ ಇಟ್ಕಳಕೆ? ಅವ್ರು ಬಂದಾಗೆಲ್ಲ ನಿಮ್ಮ ಸುದ್ದೀನೇ ಆಗೋದು.” ಒಂದು ಲೋಟ ಮಜ್ಜಿಗೆ ಕೊಟ್ಟು ಬಾಗಿಲು ಹಾಕಿಕೊಂಡಳು.

ಎದುರುಮನೆಯ ವೆಂಕಟಾಚಲಯ್ಯ ಮೇಷ್ಟ್ರು ವಿಷಯ ಕೇಳಿ ಅರಳಿದರು. “ಬರೆದೇ ಇಟ್ಟಿದೀನಲ್ರೀ!” ಎಂದು ಟ್ರಂಕಿನಿಂದ ಹಾಳೆ ತೆಗೆದು ಕನ್ನಡಕ ಏರಿಸಿದರು. “ದಿವಂಗತರು ಕಚೇರಿಗೆ ಒಂದು ದಿನವೂ ತಡವಾಗಿ ಹೋದವರಲ್ಲ. ಬೆಳಗಿನ ಅವರ ಕೆಮ್ಮು ಕೇಳಿ ನಾವು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದೆವು...”

“ಮೇಷ್ಟ್ರೇ, ಆ ಕೆಮ್ಮು ನಂದು.”

ಹಾಳೆ ಮೆಲ್ಲಗೆ ಮೇಷ್ಟ್ರ ತೊಡೆಯ ಕೆಳಗೆ ಸೇರಿತು. “ಓ. ಇದು ಹಳೇ ಪ್ರತಿ.”

“ಅವಳಿಗೆ ಕೆಮ್ಮೇ ಇರ್ಲಿಲ್ಲ.”

“ಅದಕ್ಕೇ ನೋಡಿ, ಆಕೆ ಬಗ್ಗೆ ಬರೆಯೋದು ಕಷ್ಟ. ಕೆಮ್ಮಿದೋರು ನೆನಪಲ್ಲಿ ಉಳೀತಾರೆ.” ಮೇಷ್ಟ್ರು ಮುಖ ತಿರುಗಿಸಿ ಹೇಳಿದರು: “ನೀವು ಒಂದ್ಸಲ ಅನಂತರಾಮುನ್ನೇ ನೋಡಿ. ಅವನ ಹತ್ರ ಏನಾದ್ರೂ ಸಿಕ್ಕೀತು.”

ಗುರುಶಾಂತಪ್ಪನವರು ಒಂದೇ ಸಾಲಿನ ಹಾಳೆ, ಹನ್ನೊಂದು ಕಾರ್ಡು ಹಿಡಿದು ಅಶೋಕ ಸ್ತಂಭದ ದಾರಿಯಲ್ಲಿ ನಡೆದರು. ಮೂರು ವರ್ಷದ ಹಿಂದೆ ಎದೆಯ ಕಾಯಿಲೆಯಲ್ಲಿ ಮಲಗಿದ್ದಾಗ ಡಾಕ್ಟರು ಅವರಿಗೆ ಒಂದು ತಿಂಗಳು ಕೊಟ್ಟಿದ್ದರು. ಅವರು ಎದ್ದು ಕೂತರು. ತಲೆನೋವು ಎಂದೂ ಅನ್ನದ ಕಮಲಾದೇವಿ ಕಳೆದ ವರ್ಷ ಒಂದು ಬೆಳಿಗ್ಗೆ ಅಕ್ಕಿ ಆರಿಸಲು ಕೂತವಳು ಏಳಲಿಲ್ಲ.

ಪ್ರೆಸ್ಸಿನಲ್ಲಿ ಹೆಸರು ಹೇಳಿದ ಕೂಡಲೇ ಅನಂತರಾಮು ಎದ್ದು ನಿಂತ. “ಕೊನೆಗೂ ಬಂದ್ರಾ ಸಾರ್!”

“ಬರಹ ಆಗಿಲ್ಲಪ್ಪ.”

“ನಿಮ್ದು ಆಗಿ ಮೂರು ವರ್ಷ ಆಯ್ತಲ್ಲ ಸಾರ್?”

ಕೆಳಗಿನ ಅರೆಯಿಂದ ಅವನು ದಾರ ಸುತ್ತಿ ಬಿಗಿದ ಅಚ್ಚಿನ ಮೊಳೆಗಳ ನಾಲ್ಕು ಕಟ್ಟುಗಳನ್ನು ಎಳೆದು ಧೂಳು ಊದಿದ. “ನೀವು ಮಲಗಿದ್ದಾಗ ಅಮ್ಮಾವ್ರು ಅಕ್ಕಪಕ್ಕದೋರ್ನೆಲ್ಲ ಕೇಳಿ ಬರ್ಕೊಂಡು ಬಂದಿದ್ರು. ಕೊನೇ ಹೊತ್ತಲ್ಲಿ ಪರದಾಡಬಾರದು ಅಂತ. ಎಲ್ಲಾ ಜೋಡಿಸಿದೀನಿ. ತಾರೀಖಿಗೆ ಮಾತ್ರ ಜಾಗ ಬಿಟ್ಟಿದೀನಿ.”

“ನಾನು ಎದ್ದೆನಲ್ಲ, ಆಮೇಲೆ?”

“ಬಿಚ್ಚಿಬಿಡ್ತೀನಮ್ಮಾ ಅಂದೆ. ಬೇಡ, ಇದು ಇಲ್ಲಿ ಕಟ್ಟಿ ಕೂತಿರೋವರ್ಗೂ ಅವ್ರು ಇರ್ತಾರೆ ಅಂದ್ರು. ವರ್ಷಾವರ್ಷ ನೆಲ್ಲಿಕಾಯಿ ಉಪ್ಪಿನಕಾಯಿ ತಂದ್ಕೊಟ್ಟು, ಬಿಚ್ಚಿಲ್ಲ ತಾನೆ ಅಂತ ಬಗ್ಗಿ ನೋಡಿ ಹೋಗೋರು.”

ಮಸಿ ಸವರಿ ಒಂದು ಪ್ರೂಫ್ ತೆಗೆದುಕೊಟ್ಟ. ಮೊದಲ ಪುಟದ ತುಂಬ ಮೇಷ್ಟ್ರು, ಲಕ್ಷ್ಮಿದೇವಮ್ಮ. ಮಿಕ್ಕ ಮೂರು ಅವಳವು.

‘ಅವರಿಗೆ ಮೂರು ಚೊಂಬು ಬಿಸಿನೀರು ಸಾಲದು, ನಾಲ್ಕು ಬೇಕು. ನಿದ್ದೆಯಲ್ಲಿ ಎಡಗೈ ಚಾಚುತ್ತಾರೆ. ಕಾಫಿ ಇಟ್ಟು ನಾನು ಹಿಂದೆ ನಿಂತಿರುವುದು ಅವರಿಗೆ ತಿಳಿಯದು. ತಿಳಿದರೆ ತಿರುಗುತ್ತಾರೆ, ಕತ್ತಿನ ಹಿಂದಿನ ಮಚ್ಚೆ ಆಮೇಲೆ ಕಾಣುವುದಿಲ್ಲ.’

ಗುರುಶಾಂತಪ್ಪನವರ ಕೈ ಕತ್ತಿನ ಹಿಂದಕ್ಕೆ ಹೋಯಿತು. ಅಲ್ಲೊಂದು ಮಚ್ಚೆ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ನಾಲ್ಕು ಪುಟವನ್ನೂ ಎರಡು ಸಲ ಓದಿದರು. ಅವಳ ಹೆಸರು ಎಲ್ಲೂ ಇರಲಿಲ್ಲ.

“ಅಮ್ಮಾವ್ರ ಬರಹ ಕೊಡಿ ಸಾರ್. ಇದನ್ನ ಬಿಚ್ಚಿ ಅದನ್ನ ಜೋಡಿಸ್ತೀನಿ. ಬಿಚ್ಚದೆ ಆಗಲ್ಲ, ಮೊಳೆ ಸಾಲಲ್ಲ. ‘ವ’ ಒಂದೂ ಉಳಿದಿಲ್ಲ, ಎಲ್ಲಾ ನಿಮ್ಮ ‘ಅವರು’ಗೇ ಹೋಗಿದೆ.”

ಗುರುಶಾಂತಪ್ಪನವರು ತಮ್ಮ ಕೈಲಿದ್ದ ಒಂದು ಸಾಲಿನ ಹಾಳೆಯನ್ನು ನೋಡಿದರು. ‘ಅವಳು ಹೆಚ್ಚು ಮಾತನಾಡುತ್ತಿರಲಿಲ್ಲ.’

“ಬಿಚ್ಚಬೇಡಪ್ಪ.”

“ಮತ್ತೆ ಸೋಮವಾರ ಬಂದೋರಿಗೆ?”

“ಊಟ ಹಾಕ್ತೀನಿ.”

ಪ್ರೂಫನ್ನು ಮಡಿಚಿ ಕಾರ್ಡುಗಳ ಜೊತೆ ಜೇಬಿನಲ್ಲಿಟ್ಟು ಮೆಟ್ಟಿಲಿಳಿದರು. ಅನಂತರಾಮು ಮೊಳೆಗಳ ಕಟ್ಟುಗಳನ್ನು ಮತ್ತೆ ಅರೆಗೆ ತಳ್ಳಿ, ತಲೆ ಕೆರೆದುಕೊಳ್ಳುತ್ತ ಬಾಗಿಲಿಗೆ ಬಂದ.

“ಸಾರ್, ತಪ್ಪು ತಿಳೀಬೇಡಿ. ನನಗೂ ಮದುವೆ ಸೀಸನ್ ಬರ್ತಾ ಇದೆ, ಮೊಳೆ ಬೇಕು. ತಾರೀಖು ಅಂದಾಜು ಯಾವಾಗ ಅಂತ ಇಟ್ಕೊಳ್ಳಲಿ?”

“ಗೊತ್ತಾದ ಕೂಡ್ಲೆ,” ಎಂದರು ಗುರುಶಾಂತಪ್ಪನವರು, “ಒಂದು ಕಾರ್ಡು ಹಾಕ್ತೀನಿ.”