ಮಶೀನು ಬಣ್ಣದ ಗಿಟಾರು

ನಮ್ಮ ಸೋದರತ್ತೆಯಿಂದ ಯಾವುದಾದರೂ ಕೆಲಸ ಆಗಬೇಕಿದ್ದರೆ ಬೇಡಿಕೊಳ್ಳಬೇಕಾಗಿಲ್ಲ, ಪುಸಲಾಯಿಸಬೇಕಾಗಿಲ್ಲ. "ಇದು ನಿಮ್ಮಿಂದ ಆಗೂದಿಲ್ಲ ಬಿಡ್ರಿ" ಎಂದು ಒಮ್ಮೆ ಅಂದರೆ ಸಾಕು. ಆಮೇಲೆ ಆ ಕೆಲಸವನ್ನು ತಡೆಯುವ ಗಂಡಸು ಪುಣೆಯಲ್ಲಂತೂ ಇನ್ನೂ ಹುಟ್ಟಿಲ್ಲ! ಅವರು ಈಜು ಕಲಿತದ್ದು ಹೀಗೆ. ಅರವತ್ತು ದಾಟಿದ ಮೇಲೆ ಸ್ಕೂಟರ್ ಕಲಿತದ್ದು ಹೀಗೆ. ಆ ಸ್ಕೂಟರಿನಿಂದ ಬಿದ್ದು ಎಡಗೈ ಮುರಿದುಕೊಂಡದ್ದೂ, ಬ್ಯಾಂಡೇಜು ಬಿಚ್ಚಿದ ಮರುದಿನವೇ ಮತ್ತೆ ಸ್ಕೂಟರ್ ಹತ್ತಿದ್ದೂ ಹೀಗೆಯೇ. ಅರವತ್ತೆಂಟನೆಯ ವಯಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರು ಕಟ್ಟಿದ್ದೂ ಹಾಗೆಯೇ. 'ಬಾರಿಸಿದ್ದು' ಎಂದು ನೀವು ಓದಿಕೊಂಡಿದ್ದರೆ ದಯವಿಟ್ಟು ಇನ್ನೊಮ್ಮೆ ನೋಡಿ. ಕಟ್ಟಿದ್ದು!

ತಪ್ಪು ನನ್ನದೇ. ಹೆಂಡತಿಯ ಹಾರ್ಮೋನಿಯಮ್ಮಿನ ತಿದಿ ಹರಿದಿತ್ತು. ರಿಪೇರಿಗೆ ಕೊಡಲೆಂದು ಪೇಟೆಯ ವಾದ್ಯದಂಗಡಿಗೆ ಹೊರಟಿದ್ದೆ. "ನಾನೂ ಬರ್ತೀನಿ. ನಿನಗ ಹುಳುಕು ಕಾಣೂದಿಲ್ಲ" ಎಂದು ಅತ್ತೆ ಹಾರ್ಮೋನಿಯಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಬೈಕಿನ ಮೇಲೆ ನನ್ನ ಹಿಂದೆ ಕುಳಿತರು. ಅಂಗಡಿಯಲ್ಲಿ ನಾನು ತಿದಿಯ ಮಾತಾಡುತ್ತಿದ್ದರೆ, ಅತ್ತೆ ಗೋಡೆಗೆ ತೂಗುಹಾಕಿದ್ದ ಎಲೆಕ್ಟ್ರಿಕ್ ಗಿಟಾರುಗಳ ಮುಂದೆ ನಿಂತು, ಕನ್ನಡಕ ಹಣೆಗೇರಿಸಿ, ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದನ್ನೇ ಪರೀಕ್ಷಿಸತೊಡಗಿದರು. ಆಮೇಲೆ ಸೇಲ್ಸ್‌ಮನ್ನನ್ನು ಕರೆದು ಮರಾಠಿಯಲ್ಲಿ ಹೇಳಿದರು: ಇದರ ಕುತ್ತಿಗೆ ಮೈಗೆ ಸರಿಯಾಗಿ ಕೂತಿಲ್ಲ, ಸಂದಿಯಲ್ಲಿ ಪೋಸ್ಟ್‌ಕಾರ್ಡು ತೂರುತ್ತದೆ.

ಅವನು ನಕ್ಕ. ಬಿಡಿಭಾಗಗಳ ಡಬ್ಬಿಯೂ ಬರುತ್ತದೆ, ಬೇಕಾದವರು ಮನೆಯಲ್ಲೇ ಜೋಡಿಸಿ, ಬಣ್ಣ ಬಳಿದು, ತಮಗೆ ಬೇಕಾದಷ್ಟು ಬಿಗಿಯಾಗಿ ಕೂಡಿಸಿಕೊಳ್ಳಬಹುದು ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಪಣ ಆಜಿ, ತೇ ತುಮಚಂ ಕಾಮ ನಾಹೀ" ಎಂದುಬಿಟ್ಟ. ಒಂದೇ ವಾಕ್ಯದಲ್ಲಿ ಎರಡು ಅಪರಾಧ! ಅಜ್ಜಿ ಅಂದದ್ದು ಒಂದು, ನಿಮ್ಮ ಕೆಲಸವಲ್ಲ ಅಂದದ್ದು ಇನ್ನೊಂದು. ನಾನು ಕಣ್ಣು ಮುಚ್ಚಿಕೊಂಡೆ. ಹೋಗುವಾಗ ಹಾರ್ಮೋನಿಯಮ್ ಇದ್ದ ಅತ್ತೆಯ ತೊಡೆಯ ಮೇಲೆ ಬರುವಾಗ ಒಂದು ಉದ್ದನೆಯ ರಟ್ಟಿನ ಡಬ್ಬಿ ಇತ್ತು.

ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ಹುಟ್ಟಿದ್ದು ಧಾರವಾಡದಲ್ಲಿ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಖಡಕಿಯ ಸರಕಾರಿ ಮದ್ದುಗುಂಡಿನ ಕಾರ್ಖಾನೆಯ ತಪಾಸಣೆ ವಿಭಾಗಕ್ಕೆ ಸೇರಿದರು. ಮೂವತ್ತನಾಲ್ಕು ವರ್ಷ ಅಳತೆ ಮಾಡುವುದೇ ಕೆಲಸ. ಸರಿ ಇದ್ದರೆ ಪಾಸು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ರಿಜೆಕ್ಟ್. ನಿವೃತ್ತಿಯಾಗಿ ಚಿಂಚವಾಡದ ನಮ್ಮದೇ ಸೊಸೈಟಿಯಲ್ಲಿ, ನಮ್ಮ ಕೆಳಗಿನ ಫ್ಲ್ಯಾಟಿಗೆ ಬಂದರೂ ಆ ಚಾಳಿ ಹೋಗಲಿಲ್ಲ. ಮಿಲಿಮೀಟರಿನ ಚೂರನ್ನೂ ಬಿಡದೆ ಅಳೆಯುವ ವರ್ನಿಯರ್ ಎಂಬ ಉಕ್ಕಿನ ಸಾಧನ ಅವರ ಅಡುಗೆಮನೆಯಲ್ಲಿ ಸೌಟಿನ ಪಕ್ಕದಲ್ಲೇ ಇರುತ್ತದೆ. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸತರಲ್ಲಿ ಮಾಡಿದ ಚಪಾತಿಯನ್ನು ಅತ್ತೆ ನಾಲ್ಕು ಕಡೆ ಅಳೆದು, "ನಡುವ ದಪ್ಪ, ಅಂಚಿಗೆ ತೆಳು. ಆದ್ರ ರುಚಿ ಪಾಸು" ಎಂದಿದ್ದರು. ಇದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಯಾರೂ ಕೇಳಿಲ್ಲ. ನೋಡಲು ಬಂದ ಏಳು ಗಂಡುಗಳನ್ನೂ ಅವರು ರಿಜೆಕ್ಟ್ ಮಾಡಿದ್ದು ಯಾವ ಅಳತೆಯ ಮೇಲೆ ಎಂದು ಕೇಳುವ ಧೈರ್ಯ ನಮ್ಮ ತಂದೆಗೂ ಇರಲಿಲ್ಲ!

ಡಬ್ಬಿ ಬಿಚ್ಚಿದೆವು. ಬಣ್ಣವಿಲ್ಲದ ಮರದ ಮೈ, ಉದ್ದನೆಯ ಕುತ್ತಿಗೆ, ತಂತಿ ಬಿಗಿಯುವ ಕಿವಿಗಳು ಆರು, ಸದ್ದು ಹಿಡಿಯುವ ಅಯಸ್ಕಾಂತದ ಪಟ್ಟಿ ಮೂರು, ಒಂದು ಹಿಡಿ ಸ್ಕ್ರೂ. ಜೋಡಿಸುವುದು ಹೇಗೆಂದು ತಿಳಿಸುವ ಹಾಳೆಯಲ್ಲಿ ನಾಲ್ಕು ಚಿತ್ರ, ಕೊನೆಗೆ ಒಂದು ನಗುವ ಮುಖ. ಅತ್ತೆ ಮೊದಲು ಆ ಹಾಳೆಯನ್ನು ರಿಜೆಕ್ಟ್ ಮಾಡಿದರು. ಆಮೇಲೆ ವರ್ನಿಯರ್ ತಂದರು. ಮೈಯಲ್ಲಿ ಕೊರೆದ ಗೂಡಿಗಿಂತ ಕುತ್ತಿಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚೇ ಸಣ್ಣದಿತ್ತು. ಕೂಡಲೇ ಡಬ್ಬಿಯ ಮೇಲಿದ್ದ ನಂಬರಿಗೆ ಫೋನು. ಆ ಕಡೆಯವನು ಕಾಲು ಗಂಟೆ ತಾಳಿಕೊಂಡು ಕೊನೆಗೆ ಹಿಂದಿಯಲ್ಲಿ, ಮ್ಯಾಡಮ್, ಇದು ಗಿಟಾರು, ರಾಕೆಟ್ ಅಲ್ಲ ಎಂದ.

ಅತ್ತೆ ಫೋನಿಟ್ಟು ನನ್ನ ಕಡೆ ತಿರುಗಿದರು. "ರಾಕೆಟ್ ಆಗಿದ್ರ ನಡೀತಿತ್ತು. ಒಮ್ಮೆ ಹಾರಿಹೋದ್ರ ತಿರುಗಿ ಬಂದು ಯಾರ್ ಕೇಳ್ತಾರ? ಇದು ಕೈಯಾಗ ಹಿಡಿಯೂದು!"

ಆ ಅರ್ಧ ಮಿಲಿಮೀಟರನ್ನು ತುಂಬಲು ತೇಗದ ಹಲಗೆಯೊಂದರಿಂದ ಕಾಗದದಂಥ ಸಿಪ್ಪೆ ತೆಗೆದು, ಅಂಟಿಸಿ, ಉಜ್ಜಿ, ಮತ್ತೆ ತೆಗೆದು, ಮತ್ತೆ ಅಂಟಿಸಿ, ಒಂದು ವಾರ ಕಳೆದರು. ಕೊನೆಗೆ ಕುತ್ತಿಗೆ ಹೇಗೆ ಕೂತಿತೆಂದರೆ, ಸ್ಕ್ರೂ ಹಾಕದೆಯೇ ಕುತ್ತಿಗೆ ಹಿಡಿದು ಎತ್ತಿದರೂ ಮೈ ಕಳಚಿ ಬೀಳಲಿಲ್ಲ!

ಮುಂದಿನದು ಮರವನ್ನು ನುಣುಪು ಮಾಡುವ ಕೆಲಸ. ಮೊದಲು ಒರಟು ಪಾಲಿಶ್ ಪೇಪರು, ಆಮೇಲೆ ನಯವಾದದ್ದು, ಆಮೇಲೆ ಇನ್ನೂ ನಯವಾದದ್ದು. ಮೂರು ವಾರ ಅತ್ತೆಯ ಮನೆಯ ಚಹಾದಲ್ಲಿ ಮರದ ಹುಡಿಯ ಘಮ. ಗುರುವಾರ ಅವರ ಮನೆಗೆ ಬರುವ ಭಜನಾ ಮಂಡಳಿಯ ಹೆಂಗಸರನ್ನೂ ಬಿಡಲಿಲ್ಲ. "ಬಾಯಿ ದೇವರ ಕೆಲಸ ಮಾಡ್ತದ, ಕೈ ಯಾಕ ಖಾಲಿ ಕೂಡಬೇಕು?" ಎಂದು ಒಬ್ಬೊಬ್ಬರಿಗೂ ಒಂದು ತುಂಡು ಕಾಗದ ಹಂಚಿದರು. ಗಿಟಾರಿನ ಮೈ ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ, ತೊಟ್ಟಿಲ ಕೂಸಿನ ಹಾಗೆ ಸಾಗಿತು. ಅಂದು ತಾಳ ತಪ್ಪದ ಏಕೈಕ ವಾದ್ಯ ಪಾಲಿಶ್ ಪೇಪರು ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಬಣ್ಣ ಯಾವುದು? ಕೆಂಪು ಚೆಂದ ಎಂದೆ ನಾನು. ಕಪ್ಪು ಎಂದಳು ಹೆಂಡತಿ. ಅತ್ತೆ ತಂದದ್ದು ಕಾರ್ಖಾನೆಯ ಲೇತ್ ಮಶೀನುಗಳಿಗೆ ಬಳಿಯುತ್ತಾರಲ್ಲ, ಆ ಬೂದು ಮಿಶ್ರಿತ ಹಸಿರು!

"ಅತ್ತಿ, ಈ ಬಣ್ಣದ ಗಿಟಾರು ಜಗತ್ತಿನಾಗ ಯಾರ ಹತ್ರಾನೂ ಇಲ್ಲರಿ."

"ಹೌದಲ್ಲ? ಮತ್ತ!"

ಸ್ಪ್ರೇ ಡಬ್ಬಿ ಹಿಡಿದು ಟೆರೇಸಿನ ಮೇಲೆ ಬಣ್ಣ ಹೊಡೆಯುವಾಗ ಗಾಳಿ ಬೀಸಿತು. ಗಾಳಿ ಬೀಸಿದ ದಿಕ್ಕಿನಲ್ಲೇ ಸೊಸೈಟಿಯ ಸೆಕ್ರೆಟರಿಯವರ ಬಿಳಿ ಕುರ್ತಾ ಒಣಗುತ್ತಿತ್ತು. ಸಂಜೆಗೆ ಲಿಫ್ಟಿನಲ್ಲಿ ಮರಾಠಿ ನೋಟೀಸು ಬಿತ್ತು: ಟೆರೇಸಿನ ಮೇಲೆ ಯಾರೂ ಔದ್ಯೋಗಿಕ ಕಾಮಗಾರಿ ನಡೆಸಕೂಡದು. ನಾನು ಹೆದರಿದೆ. ಅತ್ತೆ ಹಿಗ್ಗಿದರು. "ಔದ್ಯೋಗಿಕ ಅಂತ ಬರದಾನ ನೋಡು! ಸುಮ್ನ ಟೈಮ್‌ಪಾಸ್ ಅಂದಿಲ್ಲ. ಮನುಷ್ಯಾಗ ತಿಳುವಳಿಕಿ ಅದ." ಹಿಗ್ಗಿದವರು ಅಷ್ಟಕ್ಕೇ ಸುಮ್ಮನಾಗದೆ ನೋಟೀಸಿನಲ್ಲಿದ್ದ ಎರಡು ಕಾಗುಣಿತದ ತಪ್ಪನ್ನು ಕೆಂಪು ಪೆನ್ನಿನಿಂದ ತಿದ್ದಿದರು.

ಕುರ್ತಾದ ಗತಿ ಏನಾಯಿತು ಎನ್ನುತ್ತೀರಾ? ಅತ್ತೆ ತಾವೇ ಹೋಗಿ ಅದನ್ನು ಇಸಿದುಕೊಂಡು ಬಂದು, ಬಕೆಟ್ಟಿನಲ್ಲಿ ಬಣ್ಣ ಕಲಸಿ ಇಡೀ ಕುರ್ತಾವನ್ನೇ ಹಸಿರು ಮಾಡಿ, ಇಸ್ತ್ರಿ ಹಾಕಿ ಮರಳಿಸಿದರು. "ಈಗ ಎಲ್ಲೆರೆ ಚುಕ್ಕಿ ಕಾಣ್ತಾವೇನ್ ನೋಡ್ರಿ" ಎಂಬುದನ್ನು ಮರಾಠಿಯಲ್ಲಿ ಹೇಳಿ ಬಂದರು.

ಬಣ್ಣ ಒಂದು ಕಡೆ ಸಣ್ಣಗೆ ಇಳಿದು ಗೆರೆ ಬಿಟ್ಟಿತ್ತು. ಬೆನ್ನಿನ ಭಾಗದಲ್ಲಿ, ಸಾಸಿವೆಯಷ್ಟು. ಅತ್ತೆ ಪೂರ್ತಿ ಬಣ್ಣ ಕೆರೆದು ತೆಗೆದರು. ಮತ್ತೆ ಬಳಿದರು. ಮತ್ತೆ ಗೆರೆ, ಮತ್ತೆ ಕೆರೆತ. ಮೂರನೆಯ ಸಲ ಕೆರೆಯುವಾಗ ನನಗೆ ತಡೆಯಲಾಗಲಿಲ್ಲ. "ಸಾಕು ಬಿಡ್ರಿ ಅತ್ತಿ, ದೂರದಿಂದ ಯಾರಿಗೂ ಕಾಣೂದಿಲ್ಲ" ಎಂದೆ.

"ದೂರದಿಂದ ನೋಡಾವ್ರು ದೂರನ ಇರ್ಲಿ!" ಎಂದರು, ತಲೆ ಎತ್ತದೆ.

ನಾಲ್ಕನೆಯ ಸಲ ಬಣ್ಣ ಕನ್ನಡಿಯಾಗಿ ಕೂತಿತು. ಮೇಲೆ ಮೆರುಗು ಬಳಿದು, ಒಣಗಲೆಂದು ಬಚ್ಚಲುಮನೆಯ ಕೊಕ್ಕೆಗೆ ತೂಗುಹಾಕಿದರು. ಧೂಳಿಲ್ಲದ ಜಾಗ ಅದೊಂದೇ ಅಂತೆ. ಒಂದು ತಿಂಗಳು ಅತ್ತೆ ಸ್ನಾನಕ್ಕೆ ನಮ್ಮ ಮನೆಗೆ ಬಂದರು.

ಕಡೆಗೆ ವೈರಿಂಗು. ಬೆಸುಗೆ ಹಾಕುವುದನ್ನು ಅತ್ತೆ ಮೊಬೈಲಿನಲ್ಲಿ ನೋಡಿ ಕಲಿತರು. ಆಫೀಸಿನ ಗೆಳೆಯರೊಬ್ಬರಿಂದ ನಾನೊಂದು ಆಂಪ್ಲಿಫೈಯರ್ ಎರವಲು ತಂದೆ. ತಂತಿ ಬಿಗಿದು, ಪಿನ್ನು ಚುಚ್ಚಿ, ಸ್ವಿಚ್ಚು ಹಾಕಿದೆವು. ಗುಂಯ್‌ಯ್‌ಯ್! ತಂತಿ ಮುಟ್ಟುವ ಮೊದಲೇ ಗಿಟಾರು ಗುಂಯ್‌ಗುಡತೊಡಗಿತು. ಎರಡು ನಿಮಿಷಕ್ಕೆ ಸೆಕ್ರೆಟರಿಯವರು ಬೆಲ್ಲು ಒತ್ತಿ, ನೀರಿನ ಪಂಪು ಸುಟ್ಟಿತೇನು ಎಂದು ವಿಚಾರಿಸಿದರು. ಅತ್ತೆ ಎಲ್ಲವನ್ನೂ ಬಿಚ್ಚಿ, ಒಂದೊಂದೇ ವೈರಿನ ಗುಂಟ ಬೆರಳಾಡಿಸಿ, ತಂತಿಗಳು ಕೂರುವ ಲೋಹದ ಪಟ್ಟಿಗೆ ಹೋಗಬೇಕಾದ ಒಂದು ವೈರು ಬಿಟ್ಟುಹೋದದ್ದನ್ನು ಹಿಡಿದರು. ತಾವೇ ಬಿಟ್ಟದ್ದು! "ರಿಜೆಕ್ಟ್" ಎಂದರು. ಯಾರನ್ನು ಎಂದು ನಾನು ಕೇಳಲಿಲ್ಲ. ಬೆಸೆದು ಮತ್ತೆ ಸ್ವಿಚ್ಚು ಹಾಕಿ ತಂತಿಗಳ ಮೇಲೆ ಕೈಯಿಟ್ಟರು. ಗುಂಯ್‌ಗುಡುವುದು ನಿಂತು ಮನೆ ನಿಶ್ಶಬ್ದವಾಯಿತು.

ಆದರೆ ವಿಷಯ ಅಷ್ಟರಲ್ಲಿ ಸೊಸೈಟಿಯ ಸಭೆಗೆ ಹೋಗಿತ್ತು. ಸದ್ದು ಮಾಡುವ ಯಂತ್ರವನ್ನು ಫ್ಲ್ಯಾಟಿನಲ್ಲಿ ಇಡಬಾರದು ಎಂದು ನಿರ್ಣಯ ಮಾಡಿಸುವ ಇರಾದೆ ಸೆಕ್ರೆಟರಿಯವರದು. ನಿರ್ಣಯವಾದರೆ ಗಿಟಾರು ಮತ್ತೆ ಡಬ್ಬಿಯೊಳಗೇ. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಮೊದಲ ಸಾಲಿನಲ್ಲಿ ಕುಳಿತರು. ಸೆಕ್ರೆಟರಿಯವರು ಮರಾಠಿಯಲ್ಲಿ ನೇರವಾಗಿ ಕೇಳಿದರು:

"ಮಾವಶಿ, ನಿಮಗೆ ಇದನ್ನು ಬಾರಿಸಲು ಬರುತ್ತದೆಯೇ?"

"ಇಲ್ಲ."

"ಕಲಿಯುತ್ತೀರೇ?"

"ಮುರಿದ ಕೈ. ಬೆರಳು ಅಷ್ಟು ಮಡಚೂದಿಲ್ಲ."

"ಹಾಗಾದರೆ ಮಾಡಿದ್ದು ಯಾಕೆ?"

ಅತ್ತೆ ತಕ್ಷಣ ಉತ್ತರ ಕೊಡದೇ ಇದ್ದದ್ದನ್ನು ನಾನು ಅಂದೇ ಮೊದಲು ಕಂಡದ್ದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಭಜನಾ ಮಂಡಳಿಯ ಒಂಬತ್ತು ಹೆಂಗಸರೂ ಎದ್ದುನಿಂತು, ಅದು ತಮ್ಮ ಗಿಟಾರು ಕೂಡ, ತಾವೂ ಉಜ್ಜಿದ್ದೇವೆ, ನಿರ್ಣಯ ಮಾಡುವುದಾದರೆ ಮೊದಲು ತಮ್ಮ ತಾಳಗಳನ್ನೂ ಬಂದ್ ಮಾಡಿ ಎಂದರು. ಅವರಲ್ಲಿ ಸೆಕ್ರೆಟರಿಯವರ ಹೆಂಡತಿಯೂ ಇದ್ದರು! ಭಾನುವಾರ ಬೆಳಿಗ್ಗೆ ಒಂದು ಗಂಟೆ ಕಾಲ ಟೆರೇಸಿನ ಮೇಲೆ ಬಾರಿಸಬಹುದು ಎಂದು ತೀರ್ಮಾನವಾಯಿತು.

ಮೆಟ್ಟಿಲು ಹತ್ತುತ್ತಾ ನಾನು ಗೆದ್ದ ಹುರುಪಿನಲ್ಲಿದ್ದೆ. "ಅತ್ತಿ, ಅವ್ರು ಕೇಳಿದ್ದಕ್ಕ ಉತ್ತರ ಕೊಡಲಿಲ್ಲ ನೀವು" ಎಂದು ಕೆಣಕಿದೆ.

ಅತ್ತೆ ಮೊದಲ ಮಹಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಮೂವತ್ತನಾಲ್ಕು ವರ್ಷ ಒಂದ ತುಣುಕು ಅಳದೀನಿ. ಹಿತ್ತಾಳಿದು, ಹೆಬ್ಬೆರಳಿನಷ್ಟು. ಬಂತು, ಅಳದೆ, ಪಾಸ್ ಮಾಡಿದೆ, ಹೋತು. ಎಲ್ಲಿ ಹೋಗಿ ಕೂಡ್ತದ, ಕೂತ ಮ್ಯಾಲ ಏನಾಗ್ತದ, ಯಾರೂ ಹೇಳ್ತಿರಲಿಲ್ಲ. ಕೇಳೂ ಹಂಗೂ ಇರಲಿಲ್ಲ. ಆದ್ರ ಮನಸಿಗೆ ಗೊತ್ತಿರ್ತದಲ್ಲ? ಎಲ್ಲೋ ದೂರದಾಗ ಒಂದು ಸದ್ದು ಆಗಿರ್ತದ. ಯಾರ್ ಕೇಳಿದ್ರೋ, ಕೇಳಿ ಯಾವ ಕಡೆ ಓಡಿದ್ರೋ." ಸೆರಗಿನಿಂದ ಗಿಟಾರಿನ ಮೈಯನ್ನು ಒರೆಸಿದರು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. "ನನ್ನ ಕೈಯಾಗ ಪಾಸಾದದ್ದು ಒಂದಾದ್ರೂ, ಸದ್ದು ಮಾಡಿದ್ರ ಮಂದಿ ನಿಂತು ಕೇಳಬೇಕಪಾ. ಅಷ್ಟ."

ಉಳಿದ ಮೆಟ್ಟಿಲುಗಳನ್ನು ಗಿಟಾರು ನಾನೇ ಹೊತ್ತುಕೊಂಡು ಹತ್ತಿದೆ.

ಭಾನುವಾರ ಬೆಳಿಗ್ಗೆ ಆಂಪ್ಲಿಫೈಯರನ್ನು ಟೆರೇಸಿಗೆ ಹೊತ್ತೆ. ಅತ್ತೆ ಗಿಟಾರನ್ನು ನನ್ನ ಕೊರಳಿಗೆ ಹಾಕಿದರು. "ನನಗೂ ಬರೂದಿಲ್ಲರಿ" ಎಂದೆ. "ಒಂದ ತಂತಿ ಮೀಟು. ನಿಲ್ಲಸಬ್ಯಾಡ. ನಾ ಕೆಳಗ ಹೋಗ್ತೀನಿ. ಎಲ್ಲೀತನಕ ಕೇಳಸ್ತದ ನೋಡ್ತೀನಿ."

ನಾನು ಮೀಟಿದೆ. ಗೇಟಿನ ಹತ್ತಿರ ಅತ್ತೆ ಕಾಣಿಸಿದರು, ನಿಂತು ಕೈ ಎತ್ತಿದರು. ಮತ್ತೆ ಮೀಟಿದೆ. ರಸ್ತೆ ದಾಟಿ ಇಸ್ತ್ರಿಯವನ ಗಾಡಿಯ ಬಳಿ ಕೈ ಎತ್ತಿದರು. ಇಸ್ತ್ರಿಯವನೂ ಕೆಲಸ ನಿಲ್ಲಿಸಿ ಮೇಲೆ ನೋಡಿದ. ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದ ಇಬ್ಬರು ತಲೆ ಎತ್ತಿದರು. ಅತ್ತೆ ಇನ್ನೂ ಮುಂದೆ ನಡೆದರು. ಕೆಳಗಿನ ಮಹಡಿಯಲ್ಲಿ ಕಿಟಕಿ ತೆರೆದ ಸದ್ದಾಯಿತು, ಸೆಕ್ರೆಟರಿಯವರು ಏನೋ ಕೂಗಿದರು. ನಾನು ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯತನಕ ತಿರುಗಿಸಿ ಮತ್ತೆ ಮೀಟಿದೆ. ರಸ್ತೆಯ ತಿರುವಿನಲ್ಲಿ, ಸೀರೆಯ ಬಣ್ಣ ಮಾತ್ರ ಗುರುತು ಸಿಗುವಷ್ಟು ದೂರದಲ್ಲಿ, ಅತ್ತೆ ನಿಂತರು. ಟೆರೇಸಿನ ಕಡೆ ತಿರುಗಿದರು. ಆಮೇಲೆ ಎರಡೂ ಕೈ ಎತ್ತಿದರು.