ಅಂಕೋಲೆಯ ಯಂತ್ರದಲ್ಲಿ ಸಿಕ್ಕಿದ್ದು

ಆ ದಿನದ ಉರಿಗೆಲ್ಲ ಮೂಲ ಒಂದು ಇಸ್ವಾಣ ಮೀನು.

ಕಾರವಾರದ ಕಚೇರಿಯಲ್ಲಿ ಮಾದೇವ ಇನ್ನೂ ಕುರ್ಚಿ ಎಳೆದು ಕೂತಿದ್ದನಷ್ಟೆ. ಪಕ್ಕದ ಮೇಜಿನ ಭರತ ಶುರುಮಾಡಿದ.

"ಕೇಳ್ದ್ಯಾ ಮಾದೇವಣ್ಣಾ? ಅಂಕೋಲೆ ವೈಜಯಂತಿಬಾಯಿ ನಮ್ಮ ವಿನುತಾಗೆ ಮೊಳ ಉದ್ದದ ಇಸ್ವಾಣ ಕೊಟ್ಳಂತೆ! ಬಿರುಗಾಳಿ ಬರ್ತದೆ ಅಂತ ಸರೀ ಹೊತ್ತಿಗೆ ಮೆಸೇಜು ಹೋಯ್ತು, ಗಂಡನ ದೋಣಿ ಉಳೀತು ಅಂತ."

"ಕಳ್ಸೂದು ಯಂತ್ರ. ಮೀನು ತಿನ್ನೂದು ಅವಳಾ?"

"ಹಂಗಾರೆ ನಮ್ಮ ಯಂತ್ರಕ್ಕೆ ಯಾರೂ ಯಂತಕ್ಕೆ ಕೊಡ್ಲಿಲ್ಲ?"

ನಾಲ್ಕು ವರ್ಷದಲ್ಲಿ ಮಾದೇವನ ಮೇಜಿಗೆ ಬಾಂಗಡೆಯ ಬಾಲವೂ ಬಂದಿರಲಿಲ್ಲ.

ಮೊಬೈಲು ಆಗಷ್ಟೇ ಮೀನುಗಾರರ ಕಿಸೆಗೆ ಇಳಿದಿದ್ದ ಕಾಲ. ಗಾಳಿ, ತೆರೆ, ಮೀನಿನ ದರದ ಸಂದೇಶಗಳನ್ನು ಮುಟ್ಟಿಸುವುದು ಈ ಕಚೇರಿಯ ಕೆಲಸ. ಕಾರವಾರದಲ್ಲೊಂದು, ಅಂಕೋಲೆಯಲ್ಲೊಂದು ಯಂತ್ರ. ಎರಡೂ ಸೇರಿ ಸಂದೇಶಗಳನ್ನು ಸರದಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಬಿಡುತ್ತಿದ್ದವು. ಅಂಕೋಲೆಯದು ವಿನುತಾಳ ಕೈಯಲ್ಲಿ. ಮಾದೇವನಿಗಿಂತ ಮೂರು ವರ್ಷ ತಡವಾಗಿ ಬಂದವಳು. ಇನ್ನು ಮೇಲೆ ಎರಡೂ ಕಡೆಗೆ ಒಬ್ಬರೇ ಮುಖ್ಯಸ್ಥರು, ಹೆಸರು ಇವತ್ತು ಸಂಜೆ ಹೇಳುತ್ತೇನೆ ಎಂದು ಮೇಲಧಿಕಾರಿ ರಂಜನಾ ಮೇಡಂ ಸಾರಿದ್ದರು.

ಹತ್ತು ಗಂಟೆಗೆ ಸಂದೇಶಗಳೆಲ್ಲ ನಿಂತವು. ಫೋನುಗಳು ಹೊಡೆದುಕೊಳ್ಳತೊಡಗಿದವು. ಬೈತಖೋಲ ಬಂದರಿನಿಂದ, ದೋಣಿ ನಡೆಸುವ ತಿಮ್ಮು ತಾಂಡೇಲ ಗುಡುಗಿದ: "ದೋಣಿ ಬಿಡೂದಾ, ಬೇಡ್ದಾ? ನಿಮ್ಮ ಮೆಸೇಜು ಸುಂಕಸಾಳದ ಘಟ್ಟ ಸುತ್ಕಂಡು ಬರ್ತದಾ?"

ಮೇಡಂ ಓಡಿ ಬಂದರು. ಮಾದೇವ, ಯಕ್ಷಗಾನದ ಭಾಗವತರು ತಾಳ ಎತ್ತುವಾಗಿನ ಗಾಂಭೀರ್ಯದಿಂದ ಕಪ್ಪು ಪರದೆ ತೆರೆದು ಒಂದು ಆಜ್ಞೆ ಟೈಪಿಸಿದ. ಎರಡೂ ಯಂತ್ರಗಳ ಒಳಗೆ ಏನೇನು ಓಡುತ್ತಿದೆ, ಯಾವುದು ಎಷ್ಟು ಜಾಗ ನುಂಗಿದೆ ಎಂಬುದು ಸಾಲುಸಾಲಾಗಿ ಇಳಿಯಿತು. ಅಂಕೋಲೆಯ ಯಂತ್ರದಲ್ಲಿ ಒಂದು ಸರದಿ ಮೂರು ಲಕ್ಷ ಸಂದೇಶ ನುಂಗಿ, ಹಂದಿ ತಿಂದ ಹೆಬ್ಬಾವಿನಂತೆ ಅಡ್ಡ ಮಲಗಿತ್ತು. ಒಂದನ್ನೂ ಯಾರೂ ಓದಿರಲಿಲ್ಲ.

ಅಂಕೋಲೆ! ಬೇಡಿದ ವರ ಇಷ್ಟು ಬೇಗ ಬಂದದ್ದಕ್ಕೆ ಮಾದೇವನ ಕಣ್ಣು ತುಂಬಿತು. ಕೂಡಲೇ ವಿನುತಾಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದ.

"ವಿನುತಾ, ನಿನ್ನ ಯಂತ್ರದಲ್ಲಿ ಮೂರು ಲಕ್ಷ ಮೆಸೇಜು ಕೊಳೀತಾ ಅದೆ. ನೋಡ್ದ್ಯಾ?"

"ನೋಡ್ದೆ ಮಾದೇವಣ್ಣಾ." ದನಿ ಮೆತ್ತಗಿತ್ತು. "ಸ್ಪೀಕರ್ ತೆಗೀರಿ, ನಾವಿಬ್ರೇ ಮಾತಾಡ್ವ."

"ಯಂತಕ್ಕೆ? ಎಲ್ರೂ ಕೇಳ್ಲಿ!"

"ಬೇಡಾ ಅಣ್ಣಾ."

"ಹೆದ್ರಿದಳು ನೋಡಿ ಮೇಡಂ. ಇದನ್ನ ಯಾರು ಮಾಡಿಟ್ಟದ್ದು ಅಂತ ಇನ್ನೊಂದು ಆಜ್ಞೆ ಕೊಟ್ರೆ ಯಂತ್ರವೇ ಹೇಳ್ತದೆ." ಅವನು ಗುಂಡಿ ಒತ್ತಿದ.

ಭರತ ಬಗ್ಗಿ ಗಟ್ಟಿಯಾಗಿ ಓದಿದ: "ಮಾದೇವ, ಕಾರವಾರ."

ಮೇಡಂ ಬಗ್ಗಿ ಪರದೆಯನ್ನು ತಾವೇ ಇನ್ನೊಮ್ಮೆ ಓದಿದರು.

ಮಾದೇವನಿಗೆ ಆಗ ನೆನಪಾಯಿತು. ಎರಡು ತಿಂಗಳ ಹಿಂದೆ, ವಿನುತಾಳ ತಪ್ಪು ಹಿಡಿಯಬೇಕೆಂದು, ಅವಳು ಕಳಿಸುವ ಪ್ರತಿಯೊಂದು ಸಂದೇಶದ ನಕಲೂ ತನಗಾಗಿ ಒಂದು ಕಡೆ ಕೂಡುವಂತೆ ಕದ್ದು ಏರ್ಪಾಡು ಮಾಡಿದ್ದ. ಮೊದಲ ದಿನ ನಲವತ್ತು ಓದಿ ಅಳಿಸಿದ. ತಪ್ಪಿರಲಿಲ್ಲ. ಬೇಸರ ಬಂದು ಬಿಟ್ಟ. ಯಂತ್ರ ಬಿಡಲಿಲ್ಲ.

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಸ್ಪೀಕರಿನಿಂದ ವಿನುತಾ ಹೇಳಿದಳು: "ಮೇಡಂ, ನಾನೇ ಹೇಳಿ ಮಾಡ್ಸಿದ್ದು. ನನ್ನ ಕೆಲ್ಸ ಒಬ್ರು ಹಿರಿಯರು ನೋಡ್ತಾ ಇರ್ಲಿ ಅಂತ. ಖಾಲಿ ಮಾಡೂದು ನಾನೇ ಮರ್ತೆ. ಈಗ ಮಾಡ್ದೆ."

ಸಂದೇಶಗಳು ಮತ್ತೆ ಹೊರಟವು. ಮೇಡಂ ಸಂಜೆಯವರೆಗೂ ಕಾಯಲಿಲ್ಲ. "ತಪ್ಪು ಒಪ್ಕೊಳ್ಳೋ ಇಂಥವರೇ ಮುಖ್ಯಸ್ಥರಾಗ್ಬೇಕು. ಮಾದೇವ, ನೀವೂ ಅವರ ಸಂದೇಶ ದಿನಾ ಓದೂದು ಬಿಡ್ಬೇಡಿ. ಒಂದೂ ಬಿಡದ ಹಾಗೆ."

ಸಂಜೆ ಅಂಕೋಲೆ ಬಸ್ಸಿನಲ್ಲಿ ಅವನಿಗೊಂದು ಪೊಟ್ಟಣ ಬಂತು. ಒಳಗೆ ಅರ್ಧ ಇಸ್ವಾಣ.

ಹೆಂಡತಿ ಜಯಂತಿ ಹುರಿದು ಬಡಿಸಿದಳು. "ಯಾರ್ರೀ ಕೊಟ್ಟದ್ದು? ದೊಡ್ಡ ಮನಸು ಬಿಡಿ."

ಮಾದೇವ ಮೀನನ್ನು ಎಸಳೆಸಳಾಗಿ ಬಿಡಿಸಿ ಒಂದಾದರೂ ಮುಳ್ಳಿಗಾಗಿ ತಡಕಿದ. ನಡುವಿನ ಎಲುಬು ಬಿಟ್ಟರೆ ಅದರಲ್ಲೂ ಏನೂ ಸಿಗಲಿಲ್ಲ.