ನನ್ನ ಮಾಯಾ ಕಾದಂಬರಿ ನಿಂತುಹೋದದ್ದು

ಮಾಯೆ ಮಂತ್ರದ ಕಥೆ ಬರೆಯುವವನಿಗೆ ಮನೆಯಲ್ಲಿ ಮರ್ಯಾದೆ ಇರುವುದಿಲ್ಲ. ಹಾಳೆಯ ಮೇಲೆ ಬೆಟ್ಟ ಹಾರಿಸುವವನಿಗೆ ಗ್ಯಾಸ್ ಸಿಲಿಂಡರ್ ಬದಲಾಯಿಸಲು ಯಾಕೆ ಬರುವುದಿಲ್ಲ ಎಂದು ಹೆಂಡತಿ ಕೇಳುತ್ತಾಳೆ. ಕೇಳುವುದರಲ್ಲಿ ತಪ್ಪೂ ಇಲ್ಲ. ನಾನು ಇಂಡಿ ಎಂಬ ತಾಲೂಕು ಊರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಐವತ್ತು ದಾಟಿದ ಮೇಲೆ, ಹರೆಯಕ್ಕೆ ಬರುತ್ತಿರುವ ಮಕ್ಕಳಿಗಾಗಿ ಒಂದು ಮಾಯಾ ಕಾದಂಬರಿ ಬರೆಯುವ ಹುಚ್ಚು ಹಿಡಿಯಿತು. ಈ ವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ಎರಡೂ ಬಂದವು.

ಕಥೆ ಇಷ್ಟೇ. ಇಬ್ಬರು ಗೆಳತಿಯರು, ಒಬ್ಬಳು ಹಾಡುತ್ತಾಳೆ, ಇನ್ನೊಬ್ಬಳು ಪೇಟಿ ನುಡಿಸುತ್ತಾಳೆ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಇಬ್ಬರ ಸ್ವರ ಕೂಡಿತೆಂದರೆ ನಿಂಬೆತೋಟದ ಗಿಡಗಳು ಸರಿದು ಇನ್ನೊಂದು ಲೋಕಕ್ಕೆ ದಾರಿ ಬಿಡುತ್ತವೆ. ಇದರಲ್ಲಿ ನನ್ನ ಕಲ್ಪನೆ ಎಂದರೆ ಗಿಡ ಸರಿಯುವುದೊಂದೇ. ಹುಡುಗಿಯರು ನಮ್ಮ ಪಡಸಾಲೆಯಲ್ಲೇ ಇದ್ದರು. ಪೇಟಿ ನನ್ನ ಮಗಳು ವೈಶಾಲಿಯದು, ಗಂಟಲು ಹಿಂದಿನ ಓಣಿಯ ರೇಣುಕಾಳದು. ಇಬ್ಬರೂ ಒಂದೇ ಶಾಲೆಯಲ್ಲಿ ಹತ್ತನೆಯ ಇಯತ್ತೆ. ಅವರು ಸಂಜೆ ಕೂತು ಶುರು ಮಾಡಿದರೆ, ಮುಂಗೋಪಿಯಾದ ನಾನೂ ಶಾಲೆಯ ಮಕ್ಕಳ ಪೇಪರು ತಿದ್ದುವುದನ್ನು ಬಿಟ್ಟು, ಯಾರನ್ನೂ ಬಯ್ಯದೆ ಕೇಳುತ್ತ ಕೂತಿರುತ್ತಿದ್ದೆ. ನನ್ನ ಹೆಂಡತಿಯ ಪ್ರಕಾರ ಅದೇ ದೊಡ್ಡ ಜಾದೂ.

ಮೊದಲ ಅಧ್ಯಾಯವನ್ನು ಮಗಳಿಗೆ ಓದಿ ಹೇಳಿದೆ. ಅವಳು ಉಗುರು ನೋಡಿಕೊಳ್ಳುತ್ತ ಕೇಳಿಸಿಕೊಂಡು, "ಅಪ್ಪಾ, ನಿಂಬಿಗಿಡಕ್ಕ ಮುಳ್ಳ ಇರ್ತಾವಲ್ಲ, ಇವರ ಡ್ರೆಸ್ ಹರಿಯಂಗಿಲ್ಲೇನು?" ಎಂದಳು. ರೇಣುಕಾ ಬಿದ್ದು ಬಿದ್ದು ನಕ್ಕಳು. ಇಂಥ ವಿಮರ್ಶಕರು ಮನೆಯಲ್ಲೇ ಇದ್ದರೆ ಬರೆಯುವವನು ಉದ್ಧಾರವಾದಂತೆಯೇ.

ಆಮೇಲೆ ಗಣಪತಿ ಬಂದ. ಓಣಿಯ ಪೆಂಡಾಲಿನಲ್ಲಿ ಇಬ್ಬರ ಕಾರ್ಯಕ್ರಮವಿತ್ತು. ಪೇಟಿಗೆ ಮೈಕು ಕಟ್ಟಲು ಹೊತ್ತಿಲ್ಲ, ಮೊಬೈಲಿನಲ್ಲಿ ವಾದ್ಯದ ಟ್ರ್ಯಾಕ್ ಹಾಕುತ್ತೇವೆ ಎಂದರಂತೆ ಪೆಂಡಾಲಿನವರು. ರೇಣುಕಾ ಹೂಂ ಎಂದು ವೇದಿಕೆ ಹತ್ತಿ ಹಾಡಿಬಿಟ್ಟಳು. ವೈಶಾಲಿ ಪೇಟಿ ಹೊತ್ತುಕೊಂಡು ಪೆಂಡಾಲಿನ ಬದಿಗೆ ನಿಂತಿದ್ದಳು. ಜನ ಚಪ್ಪಾಳೆ ತಟ್ಟಿದರು. ಇವಳು ಮನೆಗೆ ಬಂದು ಪೇಟಿಯನ್ನು ಮಂಚದ ಕೆಳಗೆ ದೂಡಿದಳು. ಅಂದಿನಿಂದ ಮಾತು ಬಂದ್.

ಮಾತು ಬಂದ್ ಎಂದರೆ ರೇಣುಕಾಳ ಜೊತೆ ಮಾತ್ರ. ರೇಣುಕಾಳ ಬಗ್ಗೆ ನಮ್ಮ ಮನೆಯಲ್ಲಿ ಅಷ್ಟು ಮಾತು ಎಂದೂ ಆಗಿರಲಿಲ್ಲ. "ಅಕೀ ನೋಡು, ನನ್ನಂಗ ಎರಡ ಜಡಿ ಹಾಕ್ಕೊಂಡಾಳ." "ಅಕೀಗೆ ಗಣಿತ ಹೇಳಿಕೊಟ್ಟಾಕಿ ನಾನು." ರೇಣುಕಾಳ ಅಂಗಳದಲ್ಲಿ ಯಾರು ಬಂದಿದ್ದಾರೆಂದು ನೋಡಲು ಮಾಳಿಗೆಗೆ ಓಡುವುದು, ಇಳಿದು ಬಂದು ಮುಖ ಊದಿಸಿಕೊಳ್ಳುವುದು. ನನ್ನ ಕಾದಂಬರಿಯೂ ಅಲ್ಲೇ ನಿಂತಿತು. ಪಡಸಾಲೆಯಲ್ಲಿ ಹಾಡಿಲ್ಲದೆ ಒಂದು ಗಿಡವೂ ಕದಲಲೊಲ್ಲದು.

"ಹುಡುಗ್ಯಾರ ಜಗಳದಾಗ ನೀವ್ಯಾಕ ಬಾಯಿ ಹಾಕ್ತೀರಿ? ಮಾಡಾಕ ಬದುಕಿಲ್ಲೇನ್ರಿ?" ಎಂದಳು ಹೆಂಡತಿ, ನಾನು ರಾಜಿ ಮಾಡಿಸುತ್ತೇನೆಂದಾಗ. ಬದುಕು, ಅಂದರೆ ಕೆಲಸ, ಬೇಕಾದಷ್ಟಿತ್ತು, ಆದರೆ ನನಗೆ ತಡೆಯಲಾಗಲಿಲ್ಲ. ದಸರೆ ಹತ್ತಿರ ಬಂದಿತ್ತು. ವಿಜಯದಶಮಿಯ ದಿನ ಬನ್ನಿ ಎಲೆ ಕೊಟ್ಟು ತೆಗೆದುಕೊಂಡರೆ ಎಂಥ ಹಳೆಯ ವೈರವೂ ಮುಗಿಯಬೇಕು. ಹೊಲದ ಬದುವಿಗಾಗಿ ಕೊಡಲಿ ಎತ್ತಿದವರೂ ನಮ್ಮಲ್ಲಿ ಅಂದು ಮಾತಾಡುತ್ತಾರೆ. ರೇಣುಕಾಳ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಅವರಿಗೆ ಫೋನು ಮಾಡಿ, ಮಗಳನ್ನು ಬನ್ನಿ ಕೊಡಲು ಕಳಿಸಿರೆಂದೆ.

"ಕಳಸ್ತೇನ್ರಿ ಮಾಸ್ತರ. ನಮ್ಮ ಮನ್ಯಾಗೂ ದಿನಾ ವೈಶಾಲೀದ ಸುದ್ದಿ. ಕೇಳಿ ಕೇಳಿ ತಲಿ ಚಿಟ್ಟ ಹಿಡದೈತಿ," ಎಂದರು.

ನಾನು ಮಂಚದ ಕೆಳಗಿನಿಂದ ಪೇಟಿ ಎಳೆದು, ಧೂಳು ಒರೆಸಿ, ಪಡಸಾಲೆಯ ನಡುವೆ ಇಟ್ಟೆ. ಸಂಜೆ ರೇಣುಕಾ ಹೊಸ ಬಟ್ಟೆ ಉಟ್ಟು ಬಂದಳು. ನಮ್ಮಿಬ್ಬರಿಗೂ ಬನ್ನಿ ಕೊಟ್ಟು ಕಾಲಿಗೆರಗಿದಳು. ಆಮೇಲೆ ವೈಶಾಲಿಯ ಕೈಗೆ ಎಲೆ ಇಟ್ಟು, "ಬನ್ನಿ ತೊಗೊಂಡು ಬಂಗಾರದಂಗ ಇರೂಣು," ಎಂದಳು.

"ಇರೂಣು," ಎಂದಳು ವೈಶಾಲಿ. ತಾನೂ ಎಲೆ ಕೊಟ್ಟಳು.

"ಆರಾಮ ಅದಿಯೇನ?"

"ಆರಾಮ ಅದೇನಿ. ನೀನು?"

ಅಷ್ಟೇ. ರೇಣುಕಾ ತಟ್ಟೆಯಲ್ಲಿದ್ದ ಕರ್ಚಿಕಾಯಿಯಲ್ಲಿ ಒಂದನ್ನು ತಿಂದು, ಪೇಟಿಗೆ ತಗಲದಂತೆ ಸುತ್ತು ಹಾಕಿ ಬಾಗಿಲಿಗೆ ಹೋಗಿ, "ಬರ್ತೇನ್ರಿ ಕಾಕಾ," ಎಂದು ಹೊರಟಳು. ಮಗಳು ಒಳಗೆ ಹೋಗಿ ಟಿವಿ ಹಾಕಿದಳು.

ಮರುದಿನದಿಂದ ಮನೆಯಲ್ಲಿ ರೇಣುಕಾಳ ಹೆಸರೇ ಇಲ್ಲ. ಮಾಳಿಗೆಗೆ ಓಡುವವರೂ ಇಲ್ಲ. ದಾರಿಯಲ್ಲಿ ಎದುರಾದರೆ ಇಬ್ಬರೂ ನಗುತ್ತಾರೆ, ಮದುವೆ ಮನೆಯಲ್ಲಿ ಗುರುತಿಲ್ಲದ ಬೀಗರಿಗೆ ನಗುವ ಹಾಗೆ. ಆ ತಿಂಗಳಿಡೀ ಸಿಟ್ಟಿನ ನೆವದಲ್ಲಾದರೂ ಅವಳು ನಮ್ಮ ಮನೆಯಲ್ಲಿದ್ದಳು. ದೊಡ್ಡ ಜಾಣನೆಂದು ಶಾಣ್ಯಾತನ ಮಾಡಿ ನಾನೇ ಅವಳನ್ನು ಬನ್ನಿ ಕೊಡಿಸಿ ಕಳಿಸಿದ್ದೆ.

ಕೊನೆಗೆ ಯಾವ ಮಾಸ್ತರನೂ ಮಾಡಬಾರದ ಕೆಲಸಕ್ಕೆ ಇಳಿದೆ. ಮೊನ್ನೆ ಬೆಳಿಗ್ಗೆ ಚಹಾ ಕುಡಿಯುವಾಗ, ಏನೂ ಅಲ್ಲವೆಂಬಂತೆ, "ವೈಶಾಲಿ, ನಿನ್ನ ಪೇಟಿ ಬರೇ ಬೇಸೂರ ಅಂತ ರೇಣುಕಾ ಸಾಲ್ಯಾಗ ಎಲ್ಲಾರ ಮುಂದ ಹೇಳ್ಯಾಳಂತ," ಎಂದೆ. ಶುದ್ಧ ಸುಳ್ಳು. ಒಮ್ಮೆ ಸಿಡಿಯಲಿ, ಬಯ್ಯಲಿ, ತಟ್ಟೆ ಎಸೆಯಲಿ ಎಂದು ಕಾದೆ.

ಅವಳು ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದುತ್ತ, "ಹೇಳಿದ್ರ ಹೇಳ್ಲಿ ಬಿಡಪ್ಪಾ. ಬನ್ನಿ ಕೊಟ್ಟು ಆತಲ್ಲ," ಎಂದು ಎದ್ದು ಶಾಲೆಗೆ ಹೋದಳು.

ಮನೆಯಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ತಾನು ಹೇಳಿದ ಚಾಡಿ ನಾಟಲಿಲ್ಲವೆಂದು ಕೂತು ಅತ್ತ ಮಾಸ್ತರ ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.